ಒಂಬತ್ತು ಗೆಲುವಿನ ಬನಿಯನ್

ಭಾನುವಾರ ಬೆಳಗ್ಗೆ ಏಳೂವರೆಗೆ, ಬೇಸ್‌ಬಾಲ್ ಮೈದಾನದ ಒಗೆಯುವ ಕೋಣೆಯಲ್ಲಿ, ಮೆಲ್ವಿನ್ ಕ್ರೂಪ ಬಟ್ಟೆ ಒಗೆಯುವ ಯಂತ್ರದ ಬಾಗಿಲು ತೆಗೆದು, ಒದ್ದೆ ಟವೆಲುಗಳ ನಡುವೆ ಕೈ ಹಾಕಿ, ಒಂದು ಕೆಂಪು ತೋಳನ್ನು ಹೊರಗೆಳೆದ. ತೋಳಿನ ಹಿಂದೆ ಇಡೀ ಬನಿಯನ್ ಬಂತು. ಅದರ ಕುತ್ತಿಗೆಯ ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ಹದಿನೇಳು ಎಂದು ಬರೆದಿತ್ತು. ಮೆಲ್ವಿನ್ ಅದನ್ನು ನೋಡಿದ. ಮತ್ತೆ ಯಂತ್ರದೊಳಗೆ ಹಾಕಿ ಬಾಗಿಲು ಮುಚ್ಚಿದ. ಹತ್ತರವರೆಗೆ ಎಣಿಸಿ ಮತ್ತೆ ತೆಗೆದ. ಹದಿನೇಳು ಹದಿನೇಳಾಗಿಯೇ ಇತ್ತು.

ಅವನು ಅಲ್ಲಿಯೇ ಸೋಪಿನ ಪುಡಿಯ ಡಬ್ಬದ ಮೇಲೆ ಕುಳಿತುಬಿಟ್ಟ.

ಆ ಬನಿಯನ್ ಯಾರದೆಂದು ಬ್ರಿಕ್ಸ್‌ಬರ್ಗ್ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಬ್ರಿಕ್ಸ್‌ಬರ್ಗ್ ಬೀವರ್ಸ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಕ್ಲೈಡ್ ವೋಸ್‌ನದು. ಜುಲೈ ಕೊನೆಯ ವಾರ ಅವನು ಅಂಗಿಯೊಳಗೆ ಈ ಉದ್ದ ತೋಳಿನ ಕೆಂಪು ಬನಿಯನ್ ಹಾಕಿಕೊಂಡು ಆಡಿದ, ಗೆದ್ದ. ಮುಂದಿನ ಪಂದ್ಯಕ್ಕೂ ಅದನ್ನೇ ಹಾಕಿದ, ಗೆದ್ದ. ಗೆದ್ದ ಬಟ್ಟೆಯನ್ನು ಸೋಲುವ ತನಕ ಒಗೆಯಬಾರದು ಅನ್ನುವುದು ಬೇಸ್‌ಬಾಲ್ ಆಡುವವರ ನಡುವೆ ಯಾರೂ ಬರೆದಿಡದ, ಯಾರೂ ಮೀರದ ಕಾನೂನು. ಕ್ಲೈಡ್ ಅದೇ ಬನಿಯನ್‌ನಲ್ಲಿ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿದ್ದ. ಆ ಓಟದಲ್ಲೇ ಬೀವರ್ಸ್ ಉತ್ತರ ವಿಭಾಗದ ಚಾಂಪಿಯನ್ ಆಗಿ, ಈಗ ದಕ್ಷಿಣ ವಿಭಾಗದ ಚಾಂಪಿಯನ್ ಲೇಕ್ ಹಾರ್ಮನ್ ಪೈಕ್ಸ್ ತಂಡದ ಜೊತೆ ಐದು ಪಂದ್ಯಗಳ ಸರಣಿ ಆಡುತ್ತಿತ್ತು. ಇಬ್ಬರೂ ಎರಡೆರಡು ಗೆದ್ದಿದ್ದರು. ಐದನೆಯದು ಇವತ್ತು, ಮಧ್ಯಾಹ್ನ ಒಂದು ಗಂಟೆಗೆ, ಇದೇ ಮೈದಾನದಲ್ಲಿ. ಗೆದ್ದವರು ಲೀಗಿನ ಫೈನಲ್‌ಗೆ. ಬ್ರಿಕ್ಸ್‌ಬರ್ಗ್ ಫೈನಲ್ ನೋಡಿ ನಲವತ್ತೊಂದು ವರ್ಷವಾಗಿತ್ತು. ಇವತ್ತು ಎಸೆಯುವವನು ಕ್ಲೈಡ್.

ಬನಿಯನ್ ತೂಗುಹಾಕಿದ್ದ ಮೊಳೆಯ ಕೆಳಗೆ ಮ್ಯಾನೇಜರ್ ಬಕ್ ಹ್ಯಾಗರ್ಟಿ ಸ್ವತಃ ಒಂದು ಚೀಟಿ ಅಂಟಿಸಿದ್ದ. "ಇದನ್ನು ಮುಟ್ಟಿದವನ ಕೆಲಸ ಅವತ್ತಿಗೇ ಮುಗಿಯಿತು. ಮುಖ್ಯವಾಗಿ ಮೆಲ್ವಿನ್."

ಹ್ಯಾಗರ್ಟಿ ತಮಾಷೆಗೆ ಹಾಗೆ ಬರೆಯುವ ಮನುಷ್ಯನಲ್ಲ. ಆಗಸ್ಟ್‌ನಲ್ಲಿ ಸಾಸೇಜ್ ಮಾರುವವನೊಬ್ಬ "ಈ ಸಲ ಕಪ್ ನಮ್ದೇ" ಎಂದು ಬಾಯಿತಪ್ಪಿ ಕೂಗಿದ್ದಕ್ಕೆ, ಅಪಶಕುನವೆಂದು, ಅವನನ್ನು ಒಲೆಯ ಸಮೇತ ಗೇಟಿನಾಚೆ ಇಟ್ಟಿದ್ದ. ಒಮ್ಮೆ ದಾರಿ ತಪ್ಪಿ ಸುತ್ತಿ ಹೋದ ಬಸ್ಸು ಗೆಲುವು ತಂದದ್ದರಿಂದ, ಅಂದಿನಿಂದ ಲೇಕ್ ಹಾರ್ಮನ್‌ಗೆ ಹೋಗುವಾಗಲೆಲ್ಲ ತಂಡದ ಬಸ್ಸು ನಲವತ್ತು ಮೈಲಿ ಸುತ್ತಿಕೊಂಡೇ ಹೋಗುತ್ತಿತ್ತು.

ಮೆಲ್ವಿನ್ ಆಟಗಾರರ ಕೋಣೆಗೆ ಓಡಿ ನೋಡಿದ. ಮೊಳೆ ಬರಿದಾಗಿತ್ತು. ನಿನ್ನೆ ಸಂಜೆ ನೆಲದ ಮೇಲೆ ಬಿದ್ದಿದ್ದ ಬಟ್ಟೆಗಳನ್ನೆಲ್ಲ ತಾನೇ ಬಾಚಿ ಬುಟ್ಟಿಗೆ ತುಂಬಿದ್ದು ನೆನಪಿತ್ತು. ಬನಿಯನ್ ಮೊಳೆಯಿಂದ ಜಾರಿ ಬಿದ್ದಿರಬೇಕು. ತಾನು ನೋಡದೆ ಬಾಚಿರಬೇಕು. ಹತ್ತೊಂಬತ್ತು ವರ್ಷ ಈ ತಂಡದ ಬಟ್ಟೆಯಿಂದ ಹುಲ್ಲಿನ ಕಲೆ, ಕೆಮ್ಮಣ್ಣಿನ ಕಲೆ, ತಂಬಾಕಿನ ಕಲೆ ಎಲ್ಲವನ್ನೂ ತೆಗೆದ ಕೈಗಳು ತನ್ನ ಅನ್ನವನ್ನೇ ತೊಳೆದುಹಾಕಿದವಲ್ಲ ಎಂದು ಅವನಿಗೆ ಕಣ್ಣು ಕತ್ತಲಾಯಿತು. ಇಟ್ಟಿಗೆ ಕಾರ್ಖಾನೆ ಮುಚ್ಚಿದ ಮೇಲೆ ಊರಿನಲ್ಲಿ ಐವತ್ತೆಂಟರ ಗಂಡಸಿಗೆ ಇನ್ನೊಂದು ಕೆಲಸ ಅಂದರೆ ಹೆಂಡತಿಯ ಅಣ್ಣ ವಿಕ್ಟರನ ಲಾಂಡ್ರಿ. "ಬಾ ಮೆಲ್ವಿನ್, ನನ್ನ ಕೈಕೆಳಗೆ ಒಂದು ಸ್ಟೂಲು ಖಾಲಿ ಇದೆ" ಎನ್ನಲು ಅವನು ಹತ್ತೊಂಬತ್ತು ವರ್ಷದಿಂದ ನಾಲಿಗೆ ಮಸೆದುಕೊಂಡು ಕಾಯುತ್ತಿದ್ದ.

ಇಲ್ಲ, ಎಂದುಕೊಂಡ ಮೆಲ್ವಿನ್. ಒಗೆದದ್ದನ್ನು ಒಗೆಯದ ಹಾಗೆ ಮಾಡಿದರಾಯಿತು. ಕ್ಲೈಡ್ ಬರುವುದು ಹನ್ನೊಂದೂವರೆಗೆ. ನಾಲ್ಕು ಗಂಟೆ ಸಮಯವಿದೆ. ಕೊಳೆ ತೆಗೆಯಬಲ್ಲವನಿಗೆ ಕೊಳೆ ಹಾಕುವುದು ಎಷ್ಟರ ಕೆಲಸ?

ತೊಂದರೆ ಒಂದೇ. ಆ ಬನಿಯನ್‌ನ ವಾಸನೆ ಹೇಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಬ್ಲೀಚಿನ ಹಬೆ ಕುಡಿದು ಅವನ ಮೂಗು ಈಗ ಕನ್ನಡಕ ಇಡಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಅವನು ಬನಿಯನ್ನನ್ನು ಕೋಟಿನೊಳಗೆ ಅವಿತಿಟ್ಟುಕೊಂಡು ಮೈದಾನಕ್ಕೆ ಹೋದ. ಅಷ್ಟು ಹೊತ್ತಿಗೆ ಅಲ್ಲಿದ್ದವನು ಹುಲ್ಲು ನೋಡಿಕೊಳ್ಳುವ ಇರ್ವಿನ್ ಒಬ್ಬನೇ. ಅವನ ಮುದಿ ಹೆಣ್ಣುನಾಯಿ ಡಚೆಸ್ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು.

"ಇರ್ವಿನ್, ಕ್ಲೈಡ್ ಬನಿಯನ್ ಹೇಗೆ ನಾರ್ತಿತ್ತು?"

"ಯಾಕೆ?"

"ಸುಮ್ನೆ."

"ಸುಮ್ನೆ ಕೇಳೋ ಮಾತಾ ಇದು, ಬೆಳಬೆಳಗ್ಗೆ?" ಇರ್ವಿನ್ ಕೈಯಲ್ಲಿದ್ದ ಕುಂಟೆ ನಿಲ್ಲಿಸಿದ. "ನಿನ್ನ ಕೋಟಿಂದ ನೀರು ಸೋರ್ತಿದೆ, ಮೆಲ್ವಿನ್."

"ಬೆವರು."

"ಒಂದೇ ಕಡೆಯಿಂದ?"

ಮೆಲ್ವಿನ್ ಕೋಟು ತೆರೆದು ತೋರಿಸಿದ. ಇರ್ವಿನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಶವಪೆಟ್ಟಿಗೆ ಎದುರಿಗೆ ನಿಂತವನಂತೆ.

"ಅಯ್ಯೋ ಪಾಪಿ! ಒಗೆದ್ಬಿಟ್ಯಾ?"

"ಮೆತ್ತಗೆ ಮಾತಾಡು ಮಾರಾಯ. ವಾಸನೆ ಹೇಗಿತ್ತು, ಅದನ್ನ ಹೇಳು."

"ನೆಂದ ನಾಯಿ ಸುಟ್ಟ ಟೈರಿನ ಮೇಲೆ ಮಲಗಿದ್ರೆ ಹೇಗಿರುತ್ತೆ? ಹಾಗೆ. ಮರೆಯೋದಕ್ಕಾಗುತ್ತಾ? ಆ ಬಾಗಿಲ ಮುಂದೆ ಹೋಗೋವಾಗ ನನಗೆ ಕಣ್ಣಲ್ಲಿ ನೀರು ಬರ್ತಿತ್ತು." ಇರ್ವಿನ್ ಒಂದು ಕ್ಷಣ ಯೋಚಿಸಿದ. "ಟೈರು ಕಷ್ಟ. ನಾಯಿ ಇದೆ."

ಗುರುವಾರದ ಮಳೆಗೆ ಮೈದಾನದ ಮೇಲೆ ಹೊದಿಸಿದ್ದ ದೊಡ್ಡ ಟಾರ್ಪಾಲು ಮಡಿಚಿಟ್ಟ ಕಡೆ ನೀರು ನಿಂತು ಹಸಿರುಗಟ್ಟಿತ್ತು. ಇಬ್ಬರೂ ಸೇರಿ ಬನಿಯನ್ನನ್ನು ಅದರಲ್ಲಿ ಅದ್ದಿದರು, ಹಿಂಡಿದರು, ಮತ್ತೆ ಅದ್ದಿದರು. ಆಮೇಲೆ ಡಚೆಸ್ಸನ್ನು ಅದರ ಮೇಲೆ ಹೊರಳಿಸಲು ನೋಡಿದರು. ಹದಿಮೂರು ವರ್ಷದಿಂದ ಊಟಕ್ಕೆ ಬಿಟ್ಟು ಬೇರೇನಕ್ಕೂ ಎದ್ದಿರದ ಆ ನಾಯಿ ಬನಿಯನ್ನಿನ ತೋಳು ಬಾಯಿಗೆ ಸಿಕ್ಕಿದ್ದೇ ತಡ, ಕರುವಿನ ಹಾಗೆ ಚಂಗನೆ ನೆಗೆದು ಓಡತೊಡಗಿತು. ಐವತ್ತೆಂಟರ ಮೆಲ್ವಿನ್ ಮುಂದೆ, ಅರವತ್ತರ ಇರ್ವಿನ್ ಹಿಂದೆ. ಅವತ್ತಿನ ಪಂದ್ಯಕ್ಕೆಂದು ಸುಣ್ಣದಲ್ಲಿ ಎಳೆದಿದ್ದ ಬಿಳಿಗೆರೆಗಳ ಮೇಲೆಲ್ಲ ಮೂವರೂ ಎರಡು ಸುತ್ತು ಬಂದರು. ಮೂರನೆಯ ಸುತ್ತಿನಲ್ಲಿ ಡಚೆಸ್ ಟಿಕೆಟ್ ಕೌಂಟರಿನ ಕಡೆ ತಿರುಗಿತು.

ಕೌಂಟರಿನೊಳಗೆ ಕುಳಿತಿದ್ದ ಡೊಲೊರೆಸ್ ಬಗ್ಗಿ ನಾಯಿಯ ಬಾಯಿಂದ ಬನಿಯನ್ ಕಿತ್ತುಕೊಂಡಳು. ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಹರಿಯುತ್ತಿದ್ದ ಅವಳಿಗೆ ಹದಿನೇಳು ಎಂಬ ಅಂಕಿ ಗುರುತಿಸಲು ಕನ್ನಡಕ ಬೇಕಾಗಲಿಲ್ಲ.

"ಮೆಲ್ವಿನ್! ಇದು ಕ್ಲೈಡ್ ಬನಿಯನ್ ಅಲ್ವಾ? ಇದು ಯಾಕೆ ಒದ್ದೆಯಾಗಿದೆ? ದೇವರೇ, ಇದನ್ನ ಒಗೆದ್ಯಾ ನೀನು?"

ಕೌಂಟರಿನ ಮೈಕು ಚಾಲೂ ಇತ್ತು. "ಒಗೆದ್ಯಾ ನೀನು" ಎಂಬುದು ಗೇಟಿನ ಮೇಲಿನ ಎರಡು ಸ್ಪೀಕರುಗಳಿಂದ ಹೊರಟು, ಬೆಳಗ್ಗೆ ಆರರಿಂದ ಸಾಲುಗಟ್ಟಿ ನಿಂತಿದ್ದ ನೂರಿಪ್ಪತ್ತು ಜನರ ತಲೆಯ ಮೇಲೆ ಸುಳಿದು, ರಸ್ತೆಯಾಚೆಯ ಚರ್ಚಿನ ಗೋಡೆಗೆ ಬಡಿದು ವಾಪಸ್ಸು ಬಂತು.

ಯಾರದೋ ಕೈಯಿಂದ ಕಾಫಿಯ ಲೋಟ ಬಿತ್ತು.

"ನೇಣು ಹಾಕ್ರೋ ಅವನ್ನ!" ಎಂದು ಒಬ್ಬ ಕೂಗಿದ.

"ಸುಮ್ನಿರಪ್ಪ, ನೇಣು ಆಮೇಲೆ ಹಾಕೋಣ," ಎಂದಳು ಸಾಲಿನ ಮುಂದೆ ನಿಂತಿದ್ದ ಮಿಸೆಸ್ ಪಾವ್ಲಿಕ್. ಇಪ್ಪತ್ತೇಳು ವರ್ಷದಿಂದ ಮೂರನೆಯ ಸಾಲಿನಲ್ಲಿ ಕುಳಿತು ಪ್ರತಿ ಪಂದ್ಯವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದ ಆಕೆಯ ಮಾತಿಗೆ ಎದುರಿರಲಿಲ್ಲ. "ಮೊದಲು ಯೋಚ್ನೆ ಮಾಡಿ. ಒಗೆದದ್ದು ಕ್ಲೈಡ್‌ಗೆ ಗೊತ್ತಾದ್ರೆ ಅವನ ಕೈ ನಡುಗುತ್ತೆ. ಗೊತ್ತಾಗ್ದೇ ಇದ್ರೆ ನಡುಗೋದಿಲ್ಲ. ಹಾಗಾಗಿ ನಾವ್ಯಾರೂ ಏನೂ ಕೇಳ್ಲಿಲ್ಲ. ಹ್ಯಾಗರ್ಟಿಗೂ ಹೇಳೋ ಹಾಗಿಲ್ಲ. ಆಯ್ತಾ?"

ನೂರಿಪ್ಪತ್ತು ಜನ ತಲೆಯಾಡಿಸಿದರು. ಟೋಪಿ ಹಾಕಿದವರೆಲ್ಲ ಟೋಪಿ ತೆಗೆದು ಆಣೆ ಇಟ್ಟರು. ಸುಮ್ಮನಿರುತ್ತೇವೆಂದು ಆಣೆಯಿಟ್ಟ ಮರುಕ್ಷಣವೇ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು.

"ಅದು ಹಳಸಿದ ಚೀಸಿನ ವಾಸನೆ ಕಣ್ರೀ. ನಾನು ಆಗಸ್ಟಲ್ಲಿ ಬಸ್ಸಿನ ಪಕ್ಕ ನಿಂತಿದ್ದೆ."

"ಚೀಸೂ ಇಲ್ಲ, ಏನೂ ಇಲ್ಲ. ಬೇಯಿಸಿದ ಕೋಸು, ಮೇಲೆ ಈರುಳ್ಳಿ."

"ನಮ್ಮ ಮಾವನ ಶೂಸ್!"

"ಲೋ, ಅದು ಮೀನು ಕಣೋ. ನದಿ ಮೀನು. ಸತ್ತು ಮೂರು ದಿನ ಆದ್ದು."

ಡೊಲೊರೆಸ್ ಈ ಸಲ ಮೈಕು ಆರಿಸಿ ಹೇಳಿದಳು: "ನಾನು ಹತ್ತಿರದಿಂದ ಕಂಡೋಳು. ಅದೊಂದು ಹುಳಿ ವಾಸನೆ, ಮೆಲ್ವಿನ್. ಗೋಡೆ ಹಿಡ್ಕೊಂಡು ನಿಂತಿದ್ದೆ ನಾನು."

ಹತ್ತು ಜನಕ್ಕೆ ಹತ್ತು ವಾಸನೆ. ಮೆಲ್ವಿನ್ ಜವಾಬ್ದಾರಿಯ ಮನುಷ್ಯ. ಟಿಕೆಟಿನ ಹಿಂದೆ ಎಲ್ಲವನ್ನೂ ಒಂದರ ಕೆಳಗೊಂದು ಬರೆದುಕೊಂಡ. ಎಲ್ಲರೂ ಇಷ್ಟು ಖಚಿತವಾಗಿ ಹೇಳುತ್ತಿರುವಾಗ ಎಲ್ಲವೂ ಸ್ವಲ್ಪ ಸ್ವಲ್ಪ ಇದ್ದಿರಬೇಕು. ಹಾಗಾದರೆ ಎಲ್ಲವನ್ನೂ ಹಾಕುವುದೇ ಸರಿ.

ಮನೆ ಎರಡು ಬೀದಿ ಆಚೆಗೆ. ಅವನು ಓಡಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಹೆಂಡತಿ ಬರ್ನಡೀನ್ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಮೂವತ್ತು ವರ್ಷದಿಂದ ಹೇಳ್ತಿದ್ದೀನಿ, ಮೆಷಿನ್ನಿಗೆ ಹಾಕೋ ಮುಂಚೆ ನೋಡಿ ಹಾಕು ಅಂತ. ನನ್ನ ಉಣ್ಣೆ ಸ್ವೆಟರು ಗೊಂಬೆಗೆ ಆಗೋ ಅಷ್ಟು ಮಾಡಿದ್ದೂ ನೀನೇ."

"ಬರ್ನಡೀನ್, ನಿನ್ನ ಕೋಸಿನ ಜಾಡಿ ಎಲ್ಲಿ?"

"ಅದು ಕ್ರಿಸ್‌ಮಸ್ಸಿಗೆ!"

"ಕ್ರಿಸ್‌ಮಸ್ಸಿನ ಹೊತ್ತಿಗೆ ನಾನು ನಿನ್ನಣ್ಣನ ಸ್ಟೂಲಿನ ಮೇಲೆ ಕೂತಿರ್ತೀನಿ."

ಬರ್ನಡೀನ್ ಒಂದು ಕ್ಷಣ ಕ್ರಿಸ್‌ಮಸ್ ಊಟದ ಮೇಜನ್ನೂ, ಅದರ ತುದಿಯಲ್ಲಿ ಹಲ್ಲುಕಿರಿಯುವ ವಿಕ್ಟರನನ್ನೂ ಕಣ್ಣ ಮುಂದೆ ತಂದುಕೊಂಡಳು. ನೆಲಮಾಳಿಗೆಗೆ ಇಳಿದು, ಹುಳಿ ಬರಲೆಂದು ಉಪ್ಪು ಹಾಕಿಟ್ಟಿದ್ದ ಕೋಸಿನ ಜಾಡಿಯ ಮುಚ್ಚಳ ತೆಗೆದಳು. ಬನಿಯನ್ ಅರ್ಧ ಗಂಟೆ ಕೋಸಿನ ಜೊತೆ ಮುಳುಗಿತು. ಮೇಲೆ ಈರುಳ್ಳಿ ಬಿತ್ತು. ಫ್ರಿಜ್ಜಿನ ಹಿಂದುಗಡೆ ಯಾವಾಗಲೋ ಬಿದ್ದು ಗಡ್ಡ ಬೆಳೆಸಿಕೊಂಡಿದ್ದ ಚೀಸಿನ ತುಂಡು ಬಿತ್ತು.

"ಈಗ ಹೇಗಿದೆ?" ಎಂದು ಮೆಲ್ವಿನ್ ಕೇಳಿದ.

ಬರ್ನಡೀನ್ ಕಿಟಕಿ ತೆರೆದು ತಲೆ ಹೊರಗೆ ಹಾಕಿ ನಿಂತಿದ್ದಳು. ಆ ಕಿಟಕಿಯ ಆಚೆ ಪಕ್ಕದ ಮನೆಯ ಸ್ಟಾನ್ಲಿಯ ತಲೆ ಕಾಣಿಸಿತು. ಸ್ಟಾನ್ಲಿ ನಿವೃತ್ತನಾದ ಮೇಲೆ ವಾರಕ್ಕೆ ಏಳು ದಿನ ಮೀನು ಹಿಡಿಯುವವನು.

"ಮೀನಿನ ಅಂಶ ಕಮ್ಮಿ ಇದೆ," ಎಂದ ಅವನು, ರುಚಿ ನೋಡಿದವನಂತೆ ತುಟಿ ಚಪ್ಪರಿಸಿ. "ತಡಿ, ನನ್ನತ್ರ ಗಾಳಕ್ಕೆ ಹಾಕೋ ಕೋಳಿ ಲಿವರ್ ಇದೆ. ಬುಧವಾರದಿಂದ ಬಿಸಿಲಲ್ಲಿ ಇಟ್ಟಿದ್ದೀನಿ. ಇದನ್ನ ಕಂಡ್ರೆ ನದಿ ತಳದಲ್ಲಿ ಮಲಗಿರೋ ಮೀನೂ ಎದ್ದು ಬರುತ್ತೆ."

"ಅದು ಮೀನಿಗೆ ವಾಸನೆಯಪ್ಪಾ, ಮೀನಿನ ವಾಸನೆ ಅಲ್ಲ," ಎಂದಳು ಬರ್ನಡೀನ್ ಕಿಟಕಿಯಿಂದಲೇ.

"ಮನುಷ್ಯರಿಗೆ ಎರಡೂ ಒಂದೇ ಕಣಮ್ಮ."

ಲಿವರೂ ಬಿತ್ತು. ಗಂಟೆ ಹತ್ತೂ ಮುಕ್ಕಾಲು. ಬನಿಯನ್ ಇನ್ನೂ ತೊಟ್ಟಿಕ್ಕುತ್ತಿತ್ತು. ಸ್ಟಾನ್ಲಿ ತನ್ನ ಹಳೆ ಪಿಕಪ್ ಗಾಡಿ ತೆಗೆದು, ಬನಿಯನ್ನನ್ನು ಅದರ ರೇಡಿಯೋ ಕಡ್ಡಿಗೆ ಕಟ್ಟಿ, ಮೆಲ್ವಿನ್‌ನನ್ನು ಪಕ್ಕ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಕೆಂಪು ಬನಿಯನ್ ಎರಡು ತೋಳು ಚಾಚಿ ಬಾವುಟದ ಹಾಗೆ ಹಾರುತ್ತಿತ್ತು. ಅದರ ಹಿಂದೆ ನೊಣಗಳು ಮದುವೆ ದಿಬ್ಬಣದಂತೆ ಬರುತ್ತಿದ್ದವು. ಬೀದಿಯಲ್ಲಿ ನಿಂತ ಜನ ಕಂಡೂ ಕಾಣದವರ ಹಾಗೆ ಆಕಾಶ ನೋಡಿದರು, ಆಣೆಯೆಂದರೆ ಆಣೆ. ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ, ಒಂದು ಹೆಜ್ಜೆ ಹತ್ತಿರ ಬಂದು, ಮೂಗು ಮುಚ್ಚಿಕೊಂಡು, "ಹೋಗ್ರಿ, ಹೋಗ್ರಿ, ಗೆದ್ದು ಬನ್ರಿ" ಎಂದು ಬಿಟ್ಟ.

ಹನ್ನೊಂದು ಇಪ್ಪತ್ತಕ್ಕೆ ಮೆಲ್ವಿನ್ ಬನಿಯನ್ನನ್ನು ಮೊಳೆಗೆ ತೂಗುಹಾಕಿ ಕೈ ತೆಗೆಯುವುದಕ್ಕೂ, ಹಿಂದಿನಿಂದ ಹ್ಯಾಗರ್ಟಿಯ ಬೂಟಿನ ಸದ್ದು ಕೇಳಿಸುವುದಕ್ಕೂ ಸರಿಹೋಯಿತು.

"ಅಲ್ಲಿ ಏನ್ ಮಾಡ್ತಿದ್ದೀಯ?"

"ನೊಣ ಓಡಿಸ್ತಿದ್ದೆ, ಸ್ಕಿಪ್." ತಂಡದಲ್ಲಿ ಎಲ್ಲರೂ ಮ್ಯಾನೇಜರನ್ನು ಕರೆಯುತ್ತಿದ್ದದ್ದು ಹಾಗೆಯೇ.

ಹ್ಯಾಗರ್ಟಿ ಬನಿಯನ್ ಕಡೆ ಎರಡು ಹೆಜ್ಜೆ ಇಟ್ಟ. ನಿಂತ. ಮೂಗಿನ ಹೊಳ್ಳೆ ಅರಳಿತು. ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು, ಕೊನೆಗೆ ಕೋಸಿನ ಎಲೆಯ ಬಣ್ಣಕ್ಕೆ ಬಂದು ನಿಂತಿತು. ಮೆಲ್ವಿನ್‌ಗೆ ತನ್ನ ಎದೆಯ ಬಡಿತ ಒಗೆಯುವ ಯಂತ್ರದ ಕೊನೆಯ ಸುತ್ತಿನಷ್ಟು ಜೋರಾಗಿ ಕೇಳುತ್ತಿತ್ತು.

"ಹಾಂ," ಎಂದ ಹ್ಯಾಗರ್ಟಿ, ಕಣ್ಣೊರೆಸಿಕೊಳ್ಳುತ್ತ. "ಇದು. ಇದು ಗೆಲುವಿನ ವಾಸನೆ. ಜುಲೈಯಿಂದ ಒಂದು ಚೂರೂ ಬದಲಾಗಿಲ್ಲ ನೋಡು."

ಮೆಲ್ವಿನ್ ಗೋಡೆ ಹಿಡಿದುಕೊಂಡ.

ಆಟಗಾರರು ಒಬ್ಬೊಬ್ಬರಾಗಿ ಬಂದರು. ಬಾಗಿಲಲ್ಲೇ ಮೂಗು ಹಿಡಿದು, "ಅಬ್ಬ, ಇವತ್ತು ಕೆಲ್ಸ ಆಯ್ತು!" ಎಂದು ಬೆನ್ನು ತಟ್ಟಿಕೊಂಡರು. ಕೊನೆಗೆ ಕ್ಲೈಡ್ ವೋಸ್ ಬಂದ. ಆರಡಿ ನಾಲ್ಕಂಗುಲದ, ಕಡಿಮೆ ಮಾತಿನ, ಗಂಭೀರ ಹುಡುಗ. ಮೊಳೆಯ ಹತ್ತಿರ ಬರುತ್ತಿದ್ದಂತೆ ಅವನು ಗಕ್ಕನೆ ನಿಂತ. ಬನಿಯನ್ ನೋಡಿದ. ಕೋಣೆಯನ್ನೆಲ್ಲ ನೋಡಿದ. ಬುಟ್ಟಿಯ ಹಿಂದೆ ನಿಂತಿದ್ದ ಮೆಲ್ವಿನ್‌ನನ್ನು ಬಹಳ ಹೊತ್ತು ನೋಡಿದ.

"ಏನಾಯ್ತು ಕ್ಲೈಡ್?" ಎಂದ ಹ್ಯಾಗರ್ಟಿ.

ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು, ಅರ್ಧ ಭಯದಿಂದ, ಅರ್ಧ ವಾಸನೆಯಿಂದ.

"ಏನಿಲ್ಲ, ಸ್ಕಿಪ್," ಎಂದ ಕ್ಲೈಡ್ ಸಣ್ಣ ದನಿಯಲ್ಲಿ. ಕಣ್ಣು ಮುಚ್ಚಿ, ತಣ್ಣೀರಿಗೆ ಧುಮುಕುವವನ ಹಾಗೆ ಒಮ್ಮೆಲೇ ತಲೆ ತೂರಿಸಿದ.

ಅವತ್ತಿನ ಆಟವನ್ನು ಬ್ರಿಕ್ಸ್‌ಬರ್ಗಿನವರು ಇನ್ನೂ ಮರೆತಿಲ್ಲ. ಕ್ಲೈಡ್ ಸಾಮಾನ್ಯವಾಗಿ ನಿಧಾನದ ಎಸೆತಗಾರ. ಒಂದು ಎಸೆದು, ಟೋಪಿ ಸರಿ ಮಾಡಿಕೊಂಡು, ಮಣ್ಣು ಒದ್ದು, ಮೋಡ ನೋಡಿ, ಆಮೇಲೆ ಇನ್ನೊಂದು ಎಸೆಯುವವನು. ಇವತ್ತು ಚೆಂಡು ಕೈಗೆ ಬಂದಿದ್ದೇ ತಡ ಎಸೆದ. ವಾಪಸ್ಸು ಬಂತು, ಎಸೆದ. ಪೈಕ್ಸ್ ತಂಡದ ದಾಂಡಿಗರು ಕಾಲು ಊರುವಷ್ಟರಲ್ಲಿ ಎರಡು ಎಸೆತ ಮುಗಿದಿರುತ್ತಿತ್ತು. ಆ ಬನಿಯನ್ನಿಂದ ಬೇಗ ಹೊರಗೆ ಬರುವುದಕ್ಕೆ ಅವನಿಗಿದ್ದದ್ದು ಒಂದೇ ದಾರಿ, ಎದುರಿನವರನ್ನು ಬೇಗ ಔಟ್ ಮಾಡುವುದು. ಅದನ್ನು ಅವನು ಮನೆಗೆ ಬೆಂಕಿ ಬಿದ್ದವನ ಅವಸರದಲ್ಲಿ ಮಾಡಿದ.

ಮೂರನೆಯ ಇನ್ನಿಂಗ್ಸಿನಲ್ಲಿ ಕ್ಲೈಡ್‌ನ ಎಸೆತ ಹಿಡಿಯುವ ಕ್ಯಾಚರ್ ಟೀಟೊ ಏನೋ ಉಪಾಯ ಹೇಳಲು ಅವನ ಹತ್ತಿರ ಹೊರಟ. ಪದ್ಧತಿಯ ಪ್ರಕಾರ ಕಿವಿಯಲ್ಲಿ ಪಿಸುಗುಟ್ಟಬೇಕು. ಟೀಟೊ ಹದಿನೈದು ಅಡಿ ದೂರದಲ್ಲೇ ನಿಂತು, "ಮುಂದಿನ ಎಸೆತ ಕೆಳಗೆ, ಹೊರಗಡೆ!" ಎಂದು ಕಿರುಚಿ ವಾಪಸ್ಸು ಬಂದ. ಪೈಕ್ಸ್ ದಾಂಡಿಗ ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡ. ಆದರೂ ಹೊಡೆಯಲಾಗಲಿಲ್ಲ.

ಆರನೆಯದರಲ್ಲಿ ಪೈಕ್ಸ್ ಮ್ಯಾನೇಜರು ಅಂಪೈರ್ ಬಳಿ ದೂರು ಒಯ್ದ. ಹೀಗೆ ಎಸೆಯುವುದು ಮನುಷ್ಯಮಾತ್ರದವರಿಂದ ಸಾಧ್ಯವಿಲ್ಲ, ಕೈಗೆ ಏನೋ ಅಂಟು ಬಳಿದುಕೊಂಡಿದ್ದಾನೆ, ಪರೀಕ್ಷೆ ಮಾಡಿ. ಅಂಪೈರ್ ಧೀರನಾಗಿ ನಡೆದುಕೊಂಡು ಹೋದ. ಮೂರು ಅಡಿ ದೂರದಲ್ಲಿ ಒಮ್ಮೆ ತೂಗಾಡಿದ. "ಎಲ್ಲಾ ಸರಿಯಾಗಿದೆ," ಎಂದು ಹೋದದ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಮರಳಿದ.

ಮೆಲ್ವಿನ್ ಒಗೆಯುವ ಕೋಣೆಯ ಸಣ್ಣ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ. ಏಳನೆಯ ಇನ್ನಿಂಗ್ಸಿನಲ್ಲಿ ಟೀಟೊ ಹೊಡೆದ ಚೆಂಡು ಬೇಲಿ ದಾಟಿ ಎರಡು ರನ್ ಬಂದಾಗ ಅವನು ಸೋಪಿನ ಡಬ್ಬದ ಮೇಲೆ ಹತ್ತಿ ಕುಣಿದ. ಒಂಬತ್ತನೆಯದು, ಅಂದರೆ ಕಡೆಯ ಇನ್ನಿಂಗ್ಸಿನ ಕೊನೆಯ ದಾಂಡಿಗ ಔಟಾದಾಗ ಗಂಟೆ ಇನ್ನೂ ಮೂರಾಗಿರಲಿಲ್ಲ. ಬೀವರ್ಸ್ ಎರಡು, ಪೈಕ್ಸ್ ಸೊನ್ನೆ. ಬೀವರ್ಸ್ ಫೈನಲ್‌ಗೆ! ಮಿಸೆಸ್ ಪಾವ್ಲಿಕ್ ತನ್ನ ಪುಸ್ತಕಕ್ಕೆ ಮುತ್ತಿಟ್ಟಳು. ಚರ್ಚಿನ ಗಂಟೆ ಮೊಳಗಿತು. ತಂಡದವರೆಲ್ಲ ಕ್ಲೈಡ್‌ನನ್ನು ಹೆಗಲ ಮೇಲೆ ಎತ್ತಲು ಓಡಿಬಂದು, ಹತ್ತಿರ ಬಂದವರು ಮನಸ್ಸು ಬದಲಿಸಿ, ದೂರದಿಂದಲೇ ಚಪ್ಪಾಳೆ ತಟ್ಟಿದರು.

ಮೆಲ್ವಿನ್ ಕಣ್ಣೊರೆಸಿಕೊಂಡ. ಕೆಲಸ ಉಳಿಯಿತು. ಊರೂ ಉಳಿಯಿತು. ಇನ್ನು ಏನಿದ್ದರೂ ಎಂದಿನ ಹಾಗೆ ಒಗೆಯುವುದು, ಒಣಗಿಸುವುದು, ಮಡಿಚುವುದು. ಅವನು ಹರ್ಷದಿಂದ ಖಾಲಿ ಬುಟ್ಟಿ ಎತ್ತಿಕೊಂಡು, ಕೊಳೆ ಬಟ್ಟೆ ತುಂಬಿಕೊಳ್ಳಲು ಆಟಗಾರರ ಕೋಣೆಗೆ ಹೋದ.

ಹ್ಯಾಗರ್ಟಿ ಅವನ ಕೈಯಿಂದ ಬುಟ್ಟಿ ಕಿತ್ತುಕೊಂಡು, ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತ.

"ಕೇಳ್ರಪ್ಪಾ! ಹತ್ತನೇ ಗೆಲುವು. ಒಂದು ಬನಿಯನ್ ಒಗೀದೇ ಇದ್ದಿದ್ದಕ್ಕೆ ಇಷ್ಟು ದೂರ ಬಂದ್ವಿ. ಇಪ್ಪತ್ತೈದು ಜನದ್ದೂ ಒಗೀದೇ ಇದ್ರೆ ಎಲ್ಲಿಗೆ ಹೋಗ್ತೀವಿ, ಯೋಚ್ನೆ ಮಾಡಿ! ಇವತ್ತಿಂದ ಫೈನಲ್ ಮುಗಿಯೋವರೆಗೂ ಈ ತಂಡದಲ್ಲಿ ಅಂಗಿಯಾಗ್ಲಿ, ಚಡ್ಡಿಯಾಗ್ಲಿ, ಒಂದು ಕಾಲ್ಚೀಲ ಕೂಡ ಒಗೆಯೋ ಹಾಗಿಲ್ಲ!"

ಕೋಣೆ ಹಾರಿಹೋಗುವಂತೆ ಎಲ್ಲರೂ ಕೂಗಿದರು. ಕೂಗು ಇಳಿದ ಮೇಲೆ ಹ್ಯಾಗರ್ಟಿ ಬುಟ್ಟಿಯಿಂದ ಇಳಿದು ಮೆಲ್ವಿನ್‌ನ ಹೆಗಲ ಮೇಲೆ ಕೈ ಇಟ್ಟ.

"ಮೆಲ್ವಿನ್, ನೀನು ಒಳ್ಳೆಯವನು. ಆ ಬನಿಯನ್ ಇವತ್ತಿನವರೆಗೂ ಮುಟ್ಲಿಲ್ಲ. ನಿನ್ನ ಮೇಲೆ ನನಗೆ ಒಂದು ಚೂರೂ ಕೋಪ ಇಲ್ಲ. ಆದ್ರೆ ಒಗೆಯೋದೇ ಇಲ್ಲ ಅಂದ್ಮೇಲೆ ನಿನಗೆ ಇಲ್ಲಿ ಏನು ಕೆಲ್ಸ? ಬೀಗದ ಕೈ ಕೊಟ್ಟು ಮನೆಗೆ ಹೋಗು."

"ಫೈನಲ್ ಆದ್ಮೇಲೆ ಬರ್ಲಾ, ಸ್ಕಿಪ್?"

"ಸೋತ್ರೆ ಬಾ. ಗೆದ್ರೆ ಬರ್ಬೇಡ. ಗೆದ್ದ ಬಟ್ಟೆ ಯಾರಾದ್ರೂ ಒಗೀತಾರಾ?"

ಮೆಲ್ವಿನ್ ಬೀಗದ ಕೈ ಕೊಟ್ಟ. ಒಗೆಯುವ ಕೋಣೆಗೆ ಹೋಗಿ, ಏಪ್ರನ್ ಬಿಚ್ಚಿ, ಎರಡು ಯಂತ್ರಗಳ ಮೇಲೂ ಒಮ್ಮೆ ಕೈಯಾಡಿಸಿದ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಕ್ಲೈಡ್ ಸೊಂಟಕ್ಕೊಂದು ಟವೆಲು ಸುತ್ತಿಕೊಂಡು ನಿಂತಿದ್ದ. ಕುತ್ತಿಗೆಯಿಂದ ಹೊಟ್ಟೆಯವರೆಗೂ ಟೊಮ್ಯಾಟೊ ಹಣ್ಣಿನ ಹಾಗೆ ಕೆಂಪು ದದ್ದು. ಕೈಯಲ್ಲಿ ಒಂದು ಬ್ಯಾಟು. ಬ್ಯಾಟಿನ ತುದಿಯಲ್ಲಿ, ದೂರಕ್ಕೆ ಹಿಡಿದ ಬನಿಯನ್. ಅವನು ಹಿಮ್ಮಡಿಯಿಂದ ಬಾಗಿಲು ಮುಚ್ಚಿದ.

"ನಾನು ನಿನ್ನ ಬುಟ್ಟಿಗೆ ಹಾಕಿದ್ದು ಒಗೀಲಿ ಅಂತ," ಎಂದ. "ಅದಕ್ಕೆ ಏನ್ ಮಾಡ್ದೆ ನೀನು?"

"ನೀನು... ನೀನೇ ಹಾಕಿದ್ದಾ?"

"ಮತ್ತೆ? ಪ್ರತಿ ಪಂದ್ಯ ಆದ್ಮೇಲೂ ಗುಟ್ಟಾಗಿ ಮನೆಗೆ ತಗೊಂಡು ಹೋಗಿ, ನಾನೇ ಒಗೆದು ಮತ್ತೆ ಮೊಳೆಗೆ ಹಾಕ್ತಿದ್ದೆ, ಮೆಲ್ವಿನ್. ಎಂಟು ಸಲಾನೂ. ನನ್ನ ಚರ್ಮ ಸೂಕ್ಷ್ಮ, ಕೊಳೆ ತಾಗಿದ್ರೆ ಹೀಗಾಗುತ್ತೆ. ಆದ್ರೆ ಈ ಹುಡುಗ್ರು ನಂಬ್ಕೊಂಡಿದ್ರು, ಹುರುಪಾಗಿ ಆಡ್ತಿದ್ರು, ಹೇಳೋಕೆ ಬಾಯಿ ಬರ್ಲಿಲ್ಲ. ಗುರುವಾರ ನನ್ನ ಬಾಡಿಗೆ ಮನೇಲಿ ಪೈಪ್ ಒಡೆದುಹೋಯ್ತು, ಈ ಸಲ ಒಗೆಯೋಕಾಗ್ಲಿಲ್ಲ. ನೀನು ಒಳ್ಳೆಯವನು, ಏನೂ ಕೇಳದೆ ಒಗೆದು ಮೊಳೆಗೆ ಹಾಕ್ತೀಯ ಅಂದ್ಕೊಂಡೆ."

ಮೆಲ್ವಿನ್‌ಗೆ ಸೋಪಿನ ಡಬ್ಬದ ಮೇಲೆ ಕೂರುವುದು ಅವತ್ತಿಗೆ ಎರಡನೆಯ ಸಲ. ಟೈರು, ಚೀಸು, ಕೋಸು, ಮಾವನ ಶೂಸು ಎಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು.

"ಹಾಗಾದ್ರೆ ಈಗ್ಲೇ ಹೋಗಿ ಸ್ಕಿಪ್‌ಗೆ ಹೇಳು!" ಎಂದು ಅವನು ಎದ್ದ. "ಒಗೆದ್ರೂ ಗೆಲ್ಬೋದು ಅಂತ ಹೇಳು. ನನ್ನ ಕೆಲ್ಸ ಉಳಿಯುತ್ತೆ!"

"ಹೇಳೋಕಾಗುತ್ತಾ, ಫೈನಲ್ ಮುಂದಿಟ್ಕೊಂಡು? ಹುಡುಗ್ರು ಕುಸಿದು ಕೂತ್ಬಿಡ್ತಾರೆ." ಕ್ಲೈಡ್ ಬ್ಯಾಟಿನ ತುದಿಯಿಂದ ಬನಿಯನ್ನನ್ನು ಮೆಲ್ಲಗೆ ಮೆಲ್ವಿನ್‌ನ ಮಡಿಲಿಗೆ ಜಾರಿಸಿದ. "ಬುಧವಾರ ಶುರು. ಇದನ್ನ ನಿಮ್ಮ ಮನೇಲಿ ಒಗೆದು ಕೊಡು, ಗುಟ್ಟಾಗಿ. ಮೆತ್ತಗಿನ ಸೋಪು ಹಾಕು. ಆಮೇಲೆ ಒಣಗಿಸಿ, ಹೊರಮೈಗೆ ಮಾತ್ರ, ಈ ವಾಸನೇನ ಮತ್ತೆ ಹಚ್ಚಿಕೊಡು. ಇದೇ ಆಗ್ಬೇಕು. ಇಷ್ಟು ದಿನ ಅದು ಹೇಗಿರುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಇವತ್ತು ಎಲ್ಲರಿಗೂ ಗೊತ್ತಾಗೋಯ್ತಲ್ಲ."

"ಒಗೆದದ್ದು ಯಾರಿಗಾದ್ರೂ ತಿಳಿದ್ರೆ ನನ್ನ ಕೆಲ್ಸ ಹೋಗುತ್ತೆ, ಕ್ಲೈಡ್!"

"ಅದು ಆಗ್ಲೇ ಹೋಯ್ತಲ್ಲ ಮಾರಾಯ," ಎಂದ ಕ್ಲೈಡ್, ಮೈ ಕೆರೆದುಕೊಳ್ಳುತ್ತ. "ಅದಕ್ಕೇ ನಿನ್ನನ್ನ ಕೇಳ್ತಿರೋದು. ಉಳಿದವರಿಗೆಲ್ಲ ಕಳ್ಕೊಳ್ಳೋಕೆ ಕೆಲ್ಸ ಇದೆ."